ತಂತಿಯ ಮೇಲೆ ಪಣವಿಟ್ಟ ಮೀಸೆ

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆಯಬಾರದೆಂದು ಅವರ ಹೆಂಡತಿಯ ಕಟ್ಟಪ್ಪಣೆ. ಕಳೆದ ತಿಂಗಳು ಮಲೇಷ್ಯಾದ ಕ್ಲಾಂಗಿನ ಇಗರ್ಜಿಯಲ್ಲಿ ಅವರ ಅಂತಿಮ ಪೂಜೆ ಮುಗಿದು, ಬಂದವರೆಲ್ಲ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಆಂಟಿ ನನ್ನ ಪಕ್ಕ ಬಂದು ಕೂತರು.

"ನೀನು ಎಂತೆಂತದೋ ಬರಿತಿಯಲ್ಲ, ಇವರ ಬಗ್ಗೆಯೂ ಒಂದು ಬರಿ" ಎಂದರು. ಸ್ವಲ್ಪ ಯೋಚಿಸಿ, "ಆದ್ರೆ ಮೀಸೆಯ ಕಥೆ ಬರಿಯುದು ಬೇಡ" ಎಂದರು. ಚಹಾ ಮುಗಿಸಿ ಮತ್ತೂ ಯೋಚಿಸಿ, "ಮೀಸೆಯ ಕಥೆಯೇ ಬರಿ. ಹೆಸರು ಹಾಕ್ಬೇಡ ಅಷ್ಟೆ" ಎಂದರು.

ಹಾಗಾಗಿ ಅವರನ್ನು ನಾನು ಕರೆಯುತ್ತಿದ್ದಂತೆ ಅಂಕಲ್ ಎಂದೇ ಕರೆಯುತ್ತೇನೆ. ಮಲೇಷ್ಯಾದಲ್ಲಿ ಟ್ಯಾಕ್ಸಿ ಓಡಿಸುವವನಿಂದ ಹಿಡಿದು ಮೀನು ಮಾರುವವನವರೆಗೆ ಎಲ್ಲರೂ ಅಂಕಲ್ಲೇ ಆದ್ದರಿಂದ ಇದರಿಂದ ಅವರ ಗುಟ್ಟು ರಟ್ಟಾಗುವ ಭಯವಿಲ್ಲ.

ನಾನು ಗದಗಿನವಳು. ಕ್ವಾಲಾಲಂಪುರದಲ್ಲಿ ಓದಲು ಬಂದು, ಓದು ಮುಗಿದ ಮೇಲೆ ಕ್ಲಾಂಗ್ ಬಂದರಿನ ಹತ್ತಿರ ಉಕ್ಕಿನ ತಂತಿ ಮಾಡುವ ಒಂದು ಕಂಪನಿಯಲ್ಲಿ ಮಾಲು ಕಳಿಸುವ ವಿಭಾಗಕ್ಕೆ ಸೇರಿದೆ. ಅಂಕಲ್ ಮಂಗಳೂರಿನವರು, ಎಂಜಿನಿಯರು, ಮಾರಾಟ ವಿಭಾಗದ ಹಿರಿಯರು. ಅಗಲವಾದ ಮೈ, ಅದಕ್ಕಿಂತ ಅಗಲವಾದ ಮೀಸೆ. ಎರಡೂ ತುದಿ ಮೇಲಕ್ಕೆ ತಿರುಗಿ, ಎದುರಿಗೆ ಕೂತವರ ಎರಡು ಕಣ್ಣನ್ನೂ ಒಟ್ಟಿಗೆ ಗುರಿಯಿಟ್ಟಂತೆ ಕಾಣುತ್ತಿತ್ತು. ಅಂಗಿಯ ಜೇಬಿನಲ್ಲಿ ಬೇರೆಯವರು ಪೆನ್ನು ಇಟ್ಟುಕೊಳ್ಳುವಲ್ಲಿ ಅವರು ತಂತಿಯ ದಪ್ಪ ಅಳೆಯುವ ಮೈಕ್ರೋಮೀಟರ್ ಇಟ್ಟುಕೊಳ್ಳುತ್ತಿದ್ದರು. ಪೆನ್ನು ಬೇಕಾದಾಗ ನನ್ನದನ್ನು ಕೇಳುತ್ತಿದ್ದರು.

ಮೊದಲ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹದಿನಾರು ಗೇಜು" ಎಂದರು.

ನೂರಕ್ಕೋ ಇಪ್ಪತ್ತಕ್ಕೋ ತಿಳಿಯದೆ, "ಥ್ಯಾಂಕ್ಸ್ ರೀ ಸರ್" ಎಂದೆ.

"ಸರ್ ಬೇಡ. ಥ್ಯಾಂಕ್ಸೂ ಬೇಡ. ಗೇಜು ಅಂದ್ರೆ ತಂತಿಯ ದಪ್ಪ ಹೇಳುವ ನಂಬರು. ಇದ್ರಲ್ಲಿ ಒಂದು ತಮಾಷೆ ಉಂಟು, ನಂಬರು ಜಾಸ್ತಿ ಆದ ಹಾಗೆ ತಂತಿ ಸಪೂರ. ನೀನು ಸರಿಯಾಗಿ ಊಟ ಮಾಡುದಿಲ್ಲ ಅಂತ ಹೇಳಿದ್ದು ನಾನು."

ಅವರ ಲೆಕ್ಕದಲ್ಲಿ ಮನುಷ್ಯರಿಗೆಲ್ಲ ಒಂದೊಂದು ಗೇಜು. ಮ್ಯಾನೇಜರ್ ಹನ್ನೆರಡು, ಆದರೆ ಬೇಗ ಬಾಗುವ ತಂತಿ. ಲೆಕ್ಕಪತ್ರದ ಹೆಂಗಸು ಇಪ್ಪತ್ತು, ಆದರೆ ಮುಟ್ಟಿದರೆ ಚುಚ್ಚುತ್ತದೆ. ಒಮ್ಮೆ ಮನೆಗೆ ಬಂದ ನೆಂಟರ ಮುಂದೆ ಆಂಟಿಗೆ ಎಂಟು ಗೇಜು ಎಂದುಬಿಟ್ಟರಂತೆ. ಆ ದಿನ ಮೀನುಸಾರು ನೆಂಟರಿಗೆ ಮಾತ್ರ ಸಿಕ್ಕಿತು.

ತಂತಿಯ ಲೆಕ್ಕ ಅವರು ನನಗೆ ಕಲಿಸಿದ್ದು ಆಫೀಸಿನಲ್ಲಲ್ಲ, ಎದುರಿನ ಮಾಮಕ್ ಅಂಗಡಿಯಲ್ಲಿ, ಅಂದರೆ ತಮಿಳು ಮುಸ್ಲಿಮರ ಚಹಾ ಹೋಟೆಲಿನಲ್ಲಿ. ಅಲ್ಲಿ ತೇ ತಾರಿಕ್ ಎಂಬ ನೊರೆ ಚಹಾ ಮಾಡುವವನು ಒಂದು ಲೋಟವನ್ನು ತಲೆಯ ಮೇಲೆ, ಇನ್ನೊಂದನ್ನು ಸೊಂಟದ ಹತ್ತಿರ ಹಿಡಿದು ಚಹಾವನ್ನು ಎಳೆಯುತ್ತಿದ್ದ. ಅಂಕಲ್ ನನ್ನ ಮೊಣಕೈ ತಿವಿದು, "ನೋಡು, ನೋಡು. ಮೇಲೆ ದಪ್ಪ, ಕೆಳಗೆ ಸಪೂರ. ನಮ್ಮ ಫ್ಯಾಕ್ಟರಿಯಲ್ಲಿ ಮಾಡುದೂ ಅದನ್ನೇ. ದಪ್ಪ ಸರಳನ್ನು ಸಣ್ಣ ತೂತಿನಿಂದ ಎಳೀತೇವೆ, ಉದ್ದ ಆಗ್ತದೆ, ಸಪೂರ ಆಗ್ತದೆ. ತೂಕ ಎಷ್ಟಾಯ್ತು?" ಎಂದು ಕೇಳಿದರು.

"ಅಷ್ಟ ಇರತೈತ್ರಿ."

"ಅಷ್ಟೇ! ಎಳೆದದ್ದಕ್ಕೆ ಚಹಾ ಜಾಸ್ತಿ ಆಗುದಿಲ್ಲ. ಈಗ ಬರ್ಕೋ. ತಂತಿಯ ದಪ್ಪವನ್ನು ಮಿಲಿಮೀಟರಿನಲ್ಲಿ ಹಿಡಿ. ಅದರಿಂದಲೇ ಅದನ್ನು ಗುಣಿಸು. ನೂರ ಅರವತ್ತೆರಡರಿಂದ ಭಾಗಿಸು. ಒಂದು ಮೀಟರ್ ಉಕ್ಕಿನ ತಂತಿ ಎಷ್ಟು ಕಿಲೋ ಅಂತ ಸಿಕ್ತದೆ. ಡಿ ಸ್ಕ್ವೇರ್ ಬೈ ನೂರ ಅರವತ್ತೆರಡು. ಇದು ಗೊತ್ತಿದ್ರೆ ಪ್ರಪಂಚದಲ್ಲಿ ಎಲ್ಲಿ ಹೋದ್ರೂ ಬದುಕ್ಬಹುದು."

ಚಹಾದವನು ಲೋಟ ತಂದಿಟ್ಟಾಗ ಅವರು ಅವನಿಗೂ ಅದನ್ನು ಹೇಳಿದರು. ಅವನು ಇಲ್ಲಿಯವರ ಮಾತಿನ ಕೊನೆಗೆ ಬರುವ 'ಲಾ' ಸೇರಿಸಿ, "ಓಕೆ ಲಾ ಅಂಕಲ್" ಎಂದು ಹೋದ.

ಈ ಲೆಕ್ಕದ ಹುಚ್ಚು ತಂತಿಗೇ ನಿಂತಿದ್ದರೆ ಅದನ್ನು ಕಸುಬು ಎನ್ನಬಹುದಿತ್ತು. ನಿಲ್ಲಲಿಲ್ಲ. ಆಫೀಸಿನ ಹಿಂದಿನ ರಸ್ತೆಯಲ್ಲಿ ಒಬ್ಬ ತಮಿಳು ಅಕ್ಕ ಬೆಳಿಗ್ಗೆ ಪುತು ಮಾಯಂ ಮಾರುತ್ತಿದ್ದರು. ನಮ್ಮ ಒತ್ತು ಶ್ಯಾವಿಗೆಯೇ, ತೆಂಗಿನ ತುರಿ ಮತ್ತು ಬೆಲ್ಲದ ಜೊತೆ ಕೊಡುತ್ತಾರೆ. ಒಂದು ದಿನ ಅಂಕಲ್ ಅದನ್ನು ಬಾಯಿಗಿಡುವ ಮೊದಲು ಮುಖದ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಇದು ಒಂದು ಸುರುಳಿ ತಂತಿ ಅಲ್ವಾ?" ಎಂದರು.

ಮರುದಿನ ಕಾರ್ಖಾನೆಯ ಪ್ರಯೋಗಾಲಯದ ಪುಟ್ಟ ತಕ್ಕಡಿಯನ್ನೇ ಹಿಡಿದುಕೊಂಡು ಬಂದರು. ಶ್ಯಾವಿಗೆಯನ್ನು ತೂಗಿದರು. ಒಂದು ಎಳೆಯನ್ನು ಮೈಕ್ರೋಮೀಟರಿನಲ್ಲಿ ಹಿಡಿದರು, ಅದು ಚಪ್ಪಟೆಯಾಯಿತು. ಇನ್ನೊಂದನ್ನು ಹಿಡಿದರು, ಅದೂ ಚಪ್ಪಟೆಯಾಯಿತು. ಹಿಂದೆ ಸಾಲಿನಲ್ಲಿ ನಿಂತಿದ್ದವರು ಗೊಣಗತೊಡಗಿದರು. ಕೊನೆಗೆ ಉಸಿರು ಬಿಗಿಹಿಡಿದು ಒಂದು ಎಳೆಯ ದಪ್ಪ ಸಿಕ್ಕಿಸಿಕೊಂಡು, ಮೊಬೈಲಿನಲ್ಲಿ ಗುಣಿಸಿ ಭಾಗಿಸಿ, "ಮೂವತ್ತು ಮೀಟರ್!" ಎಂದು ಕೂಗಿದರು. "ಒಂದು ಪುತು ಮಾಯಂನಲ್ಲಿ ಮೂವತ್ತು ಮೀಟರ್ ಉಂಟು ಮಾರಾಯ್ತಿ! ನಾನು ದಿನಾ ಮೂರು ತಿಂತೇನೆ. ತೊಂಬತ್ತು ಮೀಟರ್! ಇಲ್ಲಿಂದ ಆ ಪೆಟ್ರೋಲ್ ಬಂಕಿನವರೆಗೆ!"

ಸಾಲಿನಲ್ಲಿ ನಿಂತಿದ್ದವರೆಲ್ಲ ತಿರುಗಿ ಪೆಟ್ರೋಲ್ ಬಂಕನ್ನು ನೋಡಿದರು. ಅಂದಿನಿಂದ ಆ ಅಕ್ಕ ಅವರಿಗೆ ಎಷ್ಟು ಬೇಕು ಎಂದು ಕೇಳುತ್ತಿರಲಿಲ್ಲ, ಎಷ್ಟು ಮೀಟರ್ ಬೇಕು ಎಂದು ಕೇಳುತ್ತಿದ್ದರು.

ಇನ್ನು ಮೀಸೆಯ ಕಥೆ.

ನಮ್ಮ ಗಿರಾಕಿಗಳಲ್ಲಿ ಬಟ್ಟೆ ತೂಗುಹಾಕುವ ಹ್ಯಾಂಗರ್ ತಯಾರಿಸುವ ಒಬ್ಬ ಚೀನೀ ಮಾಲೀಕರಿದ್ದರು. ಇಲ್ಲಿ ಮಾಲೀಕರನ್ನು ತೌಕೆ ಎನ್ನುತ್ತಾರೆ. ಈ ತೌಕೆ ಮೃದು ಮಾತಿನ, ಬಡಕಲು ಮೈಯ, ಸದಾ ಚಪ್ಪಲಿಯಲ್ಲೇ ಓಡಾಡುವ ಮನುಷ್ಯ. ಎರಡು ಮಿಲಿಮೀಟರ್ ದಪ್ಪದ ತಂತಿಯನ್ನು ಇಪ್ಪತ್ತೈದು ಕಿಲೋದ ಸುರುಳಿಗಳಲ್ಲಿ ನಮ್ಮಿಂದ ಕೊಳ್ಳುತ್ತಿದ್ದರು. ಒಂದು ದಿನ ಅವರು ಆಫೀಸಿಗೆ ಬಂದು, ಅಂಕಲ್ಲಿನ ಮೇಜಿನ ಮುಂದೆ ಕೂತು, ಸಂಕೋಚದಿಂದ ಹೇಳಿದರು: "ಬಾಸ್, ತಂತಿ ಶಾರ್ಟ್ ಲಾ."

ಹಿಂದೆಲ್ಲ ಒಂದು ಸುರುಳಿಯಿಂದ ಬರುತ್ತಿದ್ದುದಕ್ಕಿಂತ ಈಗ ಎಪ್ಪತ್ತು ಹ್ಯಾಂಗರ್ ಕಡಿಮೆ ಬರುತ್ತಿವೆಯಂತೆ.

"ತೂಕ ಸರಿ ಇದೆಯಾ?" ಎಂದು ಅಂಕಲ್ ಕೇಳಿದರು.

ತೂಕ ಸರಿ ಇದೆ, ತಾನೇ ತೂಗಿದ್ದೇನೆ ಎಂದರು ತೌಕೆ.

"ತೂಕ ಸರಿ ಇದ್ದ ಮೇಲೆ ಉದ್ದ ಸರಿ ಇರಲೇಬೇಕು!" ಅಂಕಲ್ ಮೇಜು ಕುಟ್ಟಿದರು. ಹಲಗೆಯ ಮೇಲೆ ಲೆಕ್ಕ ಬರೆದರು. ಎರಡರ ವರ್ಗ ನಾಲ್ಕು, ಭಾಗ ನೂರ ಅರವತ್ತೆರಡು, ಇಪ್ಪತ್ತೈದು ಕಿಲೋಗೆ ಒಂದು ಸಾವಿರದ ಹನ್ನೆರಡು ಮೀಟರ್. ಕೆಳಗೆ ಎರಡು ಗೆರೆ ಎಳೆದರು. ತೌಕೆ ಅದನ್ನೆಲ್ಲ ಗೌರವದಿಂದ ನೋಡಿ, "ಆದರೂ ಶಾರ್ಟ್ ಲಾ" ಎಂದರು.

ಅಂಕಲ್ಲಿಗೆ ಅದು ತಮ್ಮ ಮೇಲೆ ಬಂದ ದೂರಲ್ಲ, ಆ ಸೂತ್ರದ ಮೇಲೆ ಬಂದ ಅಪವಾದ. ಎದ್ದು ನಿಂತು, ಇಡೀ ಆಫೀಸಿಗೆ ಕೇಳುವಂತೆ ಇಂಗ್ಲಿಷಿನಲ್ಲಿ ಘೋಷಿಸಿದರು: ಒಂದು ಸುರುಳಿ ಬಿಚ್ಚಿ ಅಳೆಯೋಣ. ಸಾವಿರ ಮೀಟರಿಗಿಂತ ಕಡಿಮೆ ಬಂದರೆ ನನ್ನ ಮೀಸೆ ಬೋಳಿಸುತ್ತೇನೆ.

ಯಾರೂ ಅವರನ್ನು ಮೀಸೆ ಕೇಳಿರಲಿಲ್ಲ. ತೌಕೆಯಂತೂ ಗಾಬರಿಯಾಗಿ, "ನೋ ನೋ ಬಾಸ್, ಮೀಸೆ ಬೇಡ" ಎಂದು ಎರಡೂ ಕೈ ಆಡಿಸಿದರು. ಆದರೆ ಮಾತು ಹೊರಬಿದ್ದಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ಮಗಳ ಮದುವೆ ಹತ್ತಿರ ಬಂದಿತ್ತು. ಮುಂದಿನ ವಾರವೇ ರೋಸ್. ಮಂಗಳೂರಿನ ಕ್ರೈಸ್ತರಲ್ಲಿ ಮದುವೆಗೆ ಮೊದಲು ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ಶಾಸ್ತ್ರ ಅದು. ಗಂಡಿನ ಕಡೆಯವರು ಮೊದಲ ಬಾರಿಗೆ ಊರಿನಿಂದ ಬರುವವರಿದ್ದರು.

ಸುದ್ದಿ ಸಂಜೆಯೊಳಗೆ ಆಂಟಿಗೆ ಮುಟ್ಟಿತು. ಮನೆಯಲ್ಲಿ ಅವರ ಮಾತು ಕೊಂಕಣಿ, ನಾನಿದ್ದಾಗ ಮಾತ್ರ ಕನ್ನಡ. ಆ ದಿನ ಆಂಟಿ ನನಗೆ ಚೆನ್ನಾಗಿ ಅರ್ಥವಾಗಲೆಂದು ಅಚ್ಚ ಕನ್ನಡದಲ್ಲೇ ಬೈದರು.

"ಮೀಸೆ ಇಲ್ಲದೆ ನಿಮ್ಮ ಮುಖ ಹೇಗುಂಟು ಅಂತ ನನಗೇ ಗೊತ್ತಿಲ್ಲ. ಮದುವೆಯಾದ ದಿನದಿಂದ ನೋಡ್ಲಿಲ್ಲ. ಅಡಿಯಲ್ಲಿ ಎಂತ ಉಂಟೋ ಏನೋ! ಅದನ್ನು ಬೀಗರಿಗೆ ತೋರಿಸ್ತೀರಾ?"

"ಬೋಳಿಸುವ ಪ್ರಶ್ನೆಯೇ ಇಲ್ಲ. ಲೆಕ್ಕ ಸರಿ ಉಂಟು" ಎಂದರು ಅಂಕಲ್.

ಎಲ್ಲಿ ಅಳೆಯುವುದು? ನಮ್ಮ ಕಾರ್ಖಾನೆಯ ಯಂತ್ರವನ್ನು ತೌಕೆ ನಂಬರು, ತೌಕೆಯ ಯಂತ್ರವನ್ನು ಅಂಕಲ್ ನಂಬರು. ಒಂದು ಕಿಲೋಮೀಟರ್ ನೆಟ್ಟಗೆ, ಖಾಲಿಯಾಗಿ ಇರುವ ಜಾಗ ಬೇಕು. ಕ್ಲಾಂಗಿನಲ್ಲಿ ಕಂಟೇನರ್ ಲಾರಿಗಳ ಕಾಟ. ಕೊನೆಗೆ ಅಂಕಲ್ಲಿಗೆ ಹೊಳೆದದ್ದು ಪುತ್ರಜಯಾ. ಸರಕಾರಿ ಕಚೇರಿಗಳ ಊರು, ಭಾನುವಾರ ನರಪಿಳ್ಳೆ ಇರುವುದಿಲ್ಲ, ರಸ್ತೆಗಳು ವಿಮಾನ ಇಳಿಸುವಷ್ಟು ಅಗಲ.

ಭಾನುವಾರ ಬೆಳಿಗ್ಗೆ ನಾವು ಅಲ್ಲಿ ಸೇರಿದೆವು. ಅಂಕಲ್, ತೌಕೆ, ತೌಕೆಯ ಸಣ್ಣ ಲಾರಿ, ಸಾಕ್ಷಿಯಾಗಿ ನಾನು. ಸುರುಳಿ ತಾನಾಗಿ ತಿರುಗುತ್ತ ಬಿಚ್ಚಿಕೊಳ್ಳಲು ಏನಾದರೂ ತಿರುಗುವ ಪೀಠ ಬೇಕಲ್ಲ. ಅಂಕಲ್ ತಮ್ಮ ಕಾರಿನ ಡಿಕ್ಕಿ ತೆರೆದರು. ಒಳಗಿದ್ದದ್ದು ಆಫೀಸಿನ ನನ್ನ ಕುರ್ಚಿ.

"ಅಂಕಲ್, ಇದು ನನ್ನ ಕುರ್ಚಿ ಅಲ್ರೀ?"

"ಎಲ್ಲಕ್ಕಿಂತ ಚಂದ ತಿರುಗುದು ನಿನ್ನದೇ. ಎಲ್ಲವನ್ನೂ ತಿರುಗಿಸಿ ನೋಡಿದೆ ನಾನು."

ಕುರ್ಚಿಯ ಮೇಲೆ ಸುರುಳಿ ಇಟ್ಟು, ತಂತಿಯ ತುದಿಯನ್ನು ಲಾರಿಯ ಹಿಂಬದಿಗೆ ಕಟ್ಟಿದೆವು. ತೌಕೆ ಲಾರಿಯನ್ನು ರಸ್ತೆಯ ಬದಿಯಲ್ಲಿ ನಿಧಾನವಾಗಿ ಓಡಿಸುವುದು, ಅಂಕಲ್ ಕುರ್ಚಿ ಹಿಡಿದುಕೊಳ್ಳುವುದು, ಸುರುಳಿ ಬಿಚ್ಚಿಕೊಳ್ಳುವುದು. ಹಾಗೆಂದು ಯೋಜನೆ. ಮೊದಲ ಒಂದಷ್ಟು ದೂರ ಹಾಗೆಯೇ ಆಯಿತು. ಕುರ್ಚಿ ಗಿರ್ರನೆ ತಿರುಗಿತು, ತಂತಿ ಬಿಸಿಲಿನಲ್ಲಿ ಹೊಳೆಯುತ್ತ ಸಾಗಿತು. ಅಂಕಲ್ ಮೀಸೆಯ ತುದಿ ಸವರಿಕೊಂಡು ನನ್ನ ಕಡೆ ನೋಡಿ ನಕ್ಕರು.

ಮೀಸೆ ಸವರಲು ಕುರ್ಚಿಯಿಂದ ಕೈ ತೆಗೆದದ್ದೇ ತಪ್ಪಾಯಿತು. ತಂತಿ ಎಲ್ಲೋ ಸಿಕ್ಕಿಕೊಂಡು ತಿರುಗುವುದು ನಿಂತಿತು. ಕುರ್ಚಿಗೆ ಕೆಳಗೆ ಚಕ್ರಗಳಿವೆ ಎಂಬುದನ್ನು ಮೂವರೂ ಮರೆತಿದ್ದೆವು. ಅದು ಲಾರಿಯ ಹಿಂದೆ ಹೊರಟಿತು. ನುಣುಪಾದ ರಸ್ತೆ, ಎಣ್ಣೆ ಹಾಕಿದ ಚಕ್ರ. ಅಂಕಲ್ ಒಂದು ಕ್ಷಣ ನಿಂತು ನೋಡಿದರು, ಆಮೇಲೆ ಓಡತೊಡಗಿದರು.

"ಸ್ಟಾಪ್! ಬ್ರೆಂತಿ! ನಿಲ್ಲಿಸಾ ಮಾರಾಯಾ!" ಇಂಗ್ಲಿಷ್, ಮಲಯ, ಕನ್ನಡ ಎಲ್ಲ ಭಾಷೆಗಳೂ ಮುಗಿದು ಕೊಂಕಣಿಗೆ ಬಂದರು. ಲಾರಿಯಲ್ಲಿ ಕಿಟಕಿ ಮುಚ್ಚಿ ಹಾಡು ಕೇಳುತ್ತಿದ್ದ ತೌಕೆಗೆ ಏನೂ ಕೇಳಿಸಲಿಲ್ಲ. ಲಾರಿಯ ಹಿಂದೆ ಕುರ್ಚಿ, ಕುರ್ಚಿಯ ಹಿಂದೆ ಅಂಕಲ್, ಅಂಕಲ್ಲಿನ ಹಿಂದೆ ನಾನು. ಎದುರಿನಿಂದ ಬಂದ ಸೈಕಲ್ ಸವಾರರ ಗುಂಪೊಂದು ಇದೂ ಯಾವುದೋ ಸ್ಪರ್ಧೆಯಿರಬೇಕೆಂದು ಚಪ್ಪಾಳೆ ತಟ್ಟಿ ಹುರಿದುಂಬಿಸಿತು.

ಲಾರಿ ನಿಂತದ್ದು ಟ್ರಾಫಿಕ್ ಪೊಲೀಸಿನವನೊಬ್ಬ ಅಡ್ಡ ಬಂದಾಗ. ವಯಸ್ಸಾದ, ಗಂಭೀರ ಮುಖದ ಮಲಯ ಮನುಷ್ಯ. ಲಾರಿಯನ್ನು ನೋಡಿದ, ಕುರ್ಚಿಯನ್ನು ನೋಡಿದ, ಏದುಸಿರು ಬಿಡುತ್ತ ಬಂದ ಅಂಕಲ್ಲನ್ನು ನೋಡಿದ. ಇದೇನು ಎಂದು ಕೇಳಿದ.

ವೀಸಾ, ಕೆಲಸ, ಗದಗಿನ ಬಸ್‌ಸ್ಟ್ಯಾಂಡು ಎಲ್ಲ ನನ್ನ ಕಣ್ಣಮುಂದೆ ಬಂದವು. ಅಂಕಲ್ ಮಾತ್ರ ಕುರ್ಚಿಗೆ ಒರಗಿ ಉಸಿರು ಸುಧಾರಿಸಿಕೊಂಡು, ಮಲಯ ಭಾಷೆಯಲ್ಲಿ ಮೊದಲಿನಿಂದ ಹೇಳತೊಡಗಿದರು. ತಂತಿ, ತೂಕ, ಹ್ಯಾಂಗರ್, ಡಿ ಸ್ಕ್ವೇರ್, ಕೊನೆಗೆ ಮೀಸೆ. ಪೊಲೀಸಿನವನಿಗೂ ದಟ್ಟ ಮೀಸೆಯಿತ್ತು. ಆ ಮಾತು ಬಂದಾಗ ಅವನ ಕೈ ತಾನಾಗಿ ಮೂಗಿನ ಕೆಳಗೆ ಹೋಯಿತು.

ಅವನು ಮೊದಲು ಲಾರಿಯನ್ನು ಬದಿಗೆ ಹಾಕಿ, ತಂತಿಯನ್ನು ಕಾಲುದಾರಿಯ ಮೇಲಕ್ಕೆ ಎತ್ತಿಡಿ ಎಂದು ಗದರಿಸಿದ. ಆಮೇಲೆ ತನ್ನ ಗಾಡಿಯಿಂದ, ಅಪಘಾತವಾದಾಗ ದೂರ ಅಳೆಯಲು ಇಟ್ಟುಕೊಂಡಿದ್ದ, ಉದ್ದ ಹಿಡಿಯ ಅಳತೆ ಚಕ್ರವನ್ನು ತೆಗೆದ. "ನಾನು ಅಳೆಯುತ್ತೇನೆ, ನೀವು ಯಾರೂ ಮುಟ್ಟಬೇಡಿ" ಎಂದ.

ಉಳಿದ ತಂತಿಯನ್ನು ಕೈಯಿಂದಲೇ ಬಿಚ್ಚಿ ಮಲಗಿಸಿದೆವು. ಪೊಲೀಸಿನವನು ಬೆನ್ನು ನೆಟ್ಟಗೆ ಮಾಡಿ, ಪರೇಡಿನಲ್ಲಿ ನಡೆದಂತೆ, ಚಕ್ರ ಉರುಳಿಸುತ್ತ ನಡೆದ. ಪಕ್ಕದಲ್ಲಿ ನಾವು ಮೂವರು. ತಂತಿಯ ತುದಿಗೆ ಬಂದು ನಿಂತು, ಬಗ್ಗಿ ಅಂಕಿ ನೋಡಿ, ಟೋಪಿ ಸರಿಮಾಡಿಕೊಂಡು ಹೇಳಿದ: ಒಂಬೈನೂರ ಮೂವತ್ತಾರು.

ಅಂಕಲ್ ತಾವೇ ಬಗ್ಗಿ ನೋಡಿದರು. ಒಂಬೈನೂರ ಮೂವತ್ತಾರೇ. ಅವರ ಮುಖದಲ್ಲಿ ರಕ್ತವಿರಲಿಲ್ಲ. ತೌಕೆ ನೆಲ ನೋಡುತ್ತ, "ನೆವರ್ ಮೈಂಡ್ ಲಾ ಬಾಸ್" ಎಂದರು.

ಆಗ ಅಂಕಲ್ ನಿಧಾನವಾಗಿ ಜೇಬಿನಿಂದ ಮೈಕ್ರೋಮೀಟರ್ ತೆಗೆದು, ಮಂಡಿಯೂರಿ ತಂತಿಯ ದಪ್ಪ ನೋಡಿದರು. ಇನ್ನೊಂದು ಕಡೆ ನೋಡಿದರು. ಮತ್ತೊಂದು ಕಡೆ. ಆಮೇಲೆ ಅವರಿಂದ ಒಂದು ವಿಚಿತ್ರ ಸ್ವರ ಹೊರಟಿತು. ಎದೆನೋವೇ ಬಂತೆಂದು ನಾನು ಓಡಿದೆ. ನಗುತ್ತಿದ್ದರು.

"ಎರಡು ಅಲ್ಲ! ಎರಡು ಪಾಯಿಂಟ್ ಸೊನ್ನೆ ಎಂಟು! ತಂತಿ ಎಳೆಯುವ ತೂತು ಸವೆದು ದೊಡ್ಡದಾಗಿದೆ ಮಾರಾಯ್ತಿ! ತಂತಿ ಒಂದು ಚೂರು ದಪ್ಪ ಬಂದಿದೆ. ಅದೇ ತೂಕ, ಉದ್ದ ಕಡಿಮೆ. ಚಹಾ! ಚಹಾ ನೆನಪುಂಟಾ? ಸುರುಳಿಯ ಚೀಟಿಯಲ್ಲಿ ಎರಡು ಅಂತ ಬರೆದದ್ದನ್ನು ನಂಬಿದೆ, ತಂತಿಯನ್ನು ಮುಟ್ಟಿಯೇ ನೋಡ್ಲಿಲ್ಲ. ಲೆಕ್ಕ ಸರಿ, ನಾನು ತಪ್ಪು! ಪೂರಾ ತಪ್ಪು!"

ಮನುಷ್ಯರು ತಾವು ಸರಿಯೆಂದು ಕುಣಿಯುವುದನ್ನು ಕಂಡಿದ್ದೇನೆ. ತಪ್ಪೆಂದು ಗೊತ್ತಾದದ್ದಕ್ಕೆ ಒಬ್ಬರು ಹೀಗೆ ಕುಣಿದದ್ದನ್ನು ಬೇರೆಲ್ಲೂ ಕಂಡಿಲ್ಲ. ತೌಕೆಯನ್ನು ಅಪ್ಪಿಕೊಂಡರು. ಪೊಲೀಸಿನವನನ್ನು ಅಪ್ಪಿಕೊಳ್ಳಲು ಹೋದರು, ಅವನು ಚಕ್ರವನ್ನು ಅಡ್ಡ ಹಿಡಿದ. ತಂತಿ ಸುತ್ತಿ ಜಾಗ ಖಾಲಿ ಮಾಡಿ ಎಂದು ಹೇಳಿ, ಹೋಗುವಾಗ ಅಂಕಲ್ಲಿನ ಮೀಸೆಗೆ ಒಂದು ಸಣ್ಣ ಸಲ್ಯೂಟ್ ಹೊಡೆದ.

ಕ್ಲಾಂಗಿಗೆ ಬಂದವರೇ ಅಂಕಲ್ ತಮಿಳು ಕ್ಷೌರಿಕನ ಅಂಗಡಿಗೆ ಹೋದರು. ಮೀಸೆ ತೆಗೆ ಎಂದಾಗ ಅವನು ಕತ್ತರಿ ಕೆಳಗಿಟ್ಟು, ಮೆಲ್ಲಗೆ, "ಯಾರು ಸಾರ್ ಹೋದದ್ದು?" ಎಂದು ತಮಿಳಿನಲ್ಲಿ ಕೇಳಿದ.

"ಯಾರೂ ಹೋಗಿಲ್ಲ. ಎರಡು ಪಾಯಿಂಟ್ ಸೊನ್ನೆ ಎಂಟು ಬಂದಿದೆ" ಎಂದರು ಅಂಕಲ್. ಅವನಿಗೆ ಅರ್ಥವಾಗದಿದ್ದರೂ ಸಂತಾಪದಿಂದ ತಲೆಯಾಡಿಸಿ ಕೆಲಸ ಶುರುಮಾಡಿದ.

ಸೋಮವಾರ ಮ್ಯಾನೇಜರ್ ರೇಗಾಡಿದರು. ಇಷ್ಟು ವ್ಯತ್ಯಾಸ ನಿಯಮದೊಳಗೇ ಇದೆ, ಟಾಲರೆನ್ಸ್ ಎಂದು ಹೇಳಿ ಗಿರಾಕಿಯನ್ನು ಸಾಗಹಾಕಬಹುದಿತ್ತು ಎಂದರು. ಅಂಕಲ್ ತಮ್ಮ ಬೋಳು ತುಟಿಯನ್ನು ತೋರಿಸಿ, "ಟಾಲರೆನ್ಸ್ ತಂತಿಗೆ ಉಂಟು ಸರ್, ಮೀಸೆಗೆ ಇಲ್ಲ" ಎಂದರು. ಆ ವರ್ಷ ಅವರಿಗೆ ಬರಬೇಕಿದ್ದ ಬಡ್ತಿ ಬರಲಿಲ್ಲ. ತೌಕೆ ಮಾತ್ರ ನಮ್ಮನ್ನು ಬಿಟ್ಟು ಹೋಗಲಿಲ್ಲ. ತೂತು ಸವೆದ ಅಚ್ಚನ್ನು ಬದಲಿಸಿದ ದಿನ ಅವರೇ ಬಂದು ನಿಂತು ನೋಡಿದರು.

ರೋಸಿನ ದಿನ ಆಂಟಿ ಗಂಡನಿಗೆ ಬೆನ್ನು ಹಾಕಿಯೇ ಓಡಾಡುತ್ತಿದ್ದರು. ಮೀಸೆಯಿಲ್ಲದ ಅಂಕಲ್ ನಿಜಕ್ಕೂ ಬೇರೆಯೇ ಮನುಷ್ಯ. ಮೇಲ್ತುಟಿ ಉದ್ದ, ಬಿಳಿಚಿಕೊಂಡಿತ್ತು, ಈಗಷ್ಟೇ ಹುಟ್ಟಿದ ಹಾಗೆ. ಊರಿನಿಂದ ಬಂದ ಗಂಡಿನ ತಂದೆ ಸಭಾಂಗಣದಲ್ಲೆಲ್ಲ ಹುಡುಕಿ, ಕೊನೆಗೆ ಬಾಗಿಲಲ್ಲಿ ನಿಂತು ಎಲ್ಲರಿಗೂ ಶರಬತ್ತು ಕೊಡುತ್ತಿದ್ದ ಅಂಕಲ್ಲನ್ನೇ ಕೇಳಿದರು: "ಹುಡುಗಿಯ ತಂದೆ ಎಲ್ಲಿ? ಫೋಟೋದಲ್ಲಿ ನೋಡಿದ್ದೇನೆ, ದೊಡ್ಡ ಮೀಸೆಯವರು."

ಅಂಕಲ್ ಅವರ ಕೈಗೊಂದು ಲೋಟ ಕೊಟ್ಟು, "ಬರ್ತಾರೆ, ಬರ್ತಾರೆ. ಎರಡು ತಿಂಗಳಾಗ್ತದೆ" ಎಂದರು.

ಹಿಂದೆಯೇ ನಿಂತಿದ್ದ ಆಂಟಿಗೆ ಅದು ಕೇಳಿಸಿತು. ಬಾಯಿಗೆ ಸೆರಗು ಅಡ್ಡ ಹಿಡಿದರೂ ತಡೆಯಲಾಗಲಿಲ್ಲ. ತೆಂಗಿನ ಹಾಲಿನ ಪಾತ್ರೆ ಹಿಡಿದೇ ನಗುತ್ತ ಅಲ್ಲೇ ಕುರ್ಚಿಯಲ್ಲಿ ಕುಸಿದರು. ಕೊನೆಗೆ ಮಗಳು, "ಮಮ್ಮಿ, ದ ಮಿಲ್ಕ್ ಈಸ್ ಫಾರ್ ಮೀ" ಎಂದು ಬಂದು ಪಾತ್ರೆ ಕಸಿದುಕೊಳ್ಳಬೇಕಾಯಿತು.

ನಾನು ಆ ಕಂಪನಿ ಬಿಟ್ಟು ಕ್ವಾಲಾಲಂಪುರದ ಮಾಂಟ್ ಕಿಯಾರಾದ ಕಡೆ ಬೇರೆ ಕೆಲಸಕ್ಕೆ ಸೇರಿದ ಮೇಲೆ ಅವರನ್ನು ನೋಡುವುದು ಕಡಿಮೆಯಾಯಿತು. ಕೆಲವು ವರ್ಷಗಳ ಹಿಂದೆ ಅವರಿಗೆ ಹೃದಯದ ತೊಂದರೆಯಾಗಿ ರಕ್ತನಾಳದೊಳಗೆ ಸ್ಟೆಂಟ್ ಎಂಬ ಪುಟ್ಟ ತಂತಿಬಲೆ ಹಾಕಿದ್ದಾರೆಂದು ಮಗಳು ಫೋನ್ ಮಾಡಿದಳು. ಹೆದರಿಕೊಂಡೇ ಆಸ್ಪತ್ರೆಗೆ ಹೋದೆ. ದಿಂಬಿಗೆ ಒರಗಿ ಕೂತಿದ್ದರು, ಸೊರಗಿದ್ದರು, ಕಣ್ಣುಗಳು ಮಾತ್ರ ಹೊಳೆಯುತ್ತಿದ್ದವು. ಪಕ್ಕದಲ್ಲಿ ಆಂಟಿ ಸೇಬು ಹೆಚ್ಚುತ್ತಿದ್ದರು.

"ಡಾಕ್ಟರಿಗೆ ಗೇಜು ಗೊತ್ತಿಲ್ಲ ಮಾರಾಯ್ತಿ!" ಇದು ನನ್ನನ್ನು ಕಂಡ ಕೂಡಲೇ ಅವರು ಹೇಳಿದ್ದು. "ನನ್ನ ಎದೆಯೊಳಗೆ ಬಲೆ ಇಟ್ಟವರಿಗೇ ತಂತಿ ಎಷ್ಟು ದಪ್ಪ ಅಂತ ಗೊತ್ತಿಲ್ಲ. ಪಾಪ, ಹೋಗಿ ಡಬ್ಬಿ ನೋಡಿಕೊಂಡು ಬಂದ್ರು. ಕೂದಲಿನಷ್ಟು ಸಪೂರ. ನಾನು ಲೆಕ್ಕ ಹಾಕಿದೆ. ಕೈ ಕೊಡು ಇಲ್ಲಿ."

ನನ್ನ ಕೈ ಹಿಡಿದು ಮೊಣಕೈಯಿಂದ ಬೆರಳ ತುದಿಯವರೆಗೆ ತೋರಿಸಿದರು. "ಆ ಬಲೆಯನ್ನು ಬಿಡಿಸಿ ನೇರ ಮಾಡಿದ್ರೆ ಇಷ್ಟು. ಒಂದು ಮೊಳ. ಮಲ್ಲಿಗೆ ಮುಡಿಯುದಿಲ್ವಾ, ಅಷ್ಟು. ತೂಕ ಎಷ್ಟು ಹೇಳು ನೋಡುವ?"

"ನೀವ ಹೇಳ್ರಿ ಅಂಕಲ್."

"ಏಳೆಂಟು ಸಾಸಿವೆ ಕಾಳಿನಷ್ಟು! ಅಷ್ಟೇ! ಒಂದು ಒಗ್ಗರಣೆಗೂ ಸಾಕಾಗುದಿಲ್ಲ. ಅಷ್ಟರಲ್ಲಿ ನನ್ನ ಹಾಗಿನ ಒಬ್ಬ ದಪ್ಪ ಮನುಷ್ಯ ಎದ್ದು ಕೂತಿದ್ದಾನೆ."

ಹೇಳಿ ಮುಗಿದ ಮೇಲೂ ಸ್ವಲ್ಪ ಹೊತ್ತು ಅವರು ನನ್ನ ಕೈ ಬಿಡಲಿಲ್ಲ. ಬಹಳ ಹೆದರಿದ್ದರೆಂದು ನನಗೆ ಗೊತ್ತಾದದ್ದು ಆಗಲೇ. ಆಂಟಿಯ ಕಡೆ ನೋಡಿದೆ. ಆಂಟಿ ಚಾಕುವಿನಿಂದ ತಲೆ ಎತ್ತಲಿಲ್ಲ.

"ಒಗ್ಗರಣೆಯ ಮಾತು ಇನ್ನು ಬೇಡ" ಎಂದರು. "ಎಣ್ಣೆ ಬೇಡ ಅಂತ ಹೇಳಿದ್ದಾರೆ ಡಾಕ್ಟರು."

ಅಂಕಲ್ ಸೇಬಿನ ಹೋಳು ಬಾಯಿಗಿಡಲು ಹೋದವರು ನಿಲ್ಲಿಸಿದರು. ಹುಬ್ಬು ಗಂಟಿಕ್ಕಿತು. ಕೈ ತಾನಾಗಿ ಪೆನ್ನಿಗಾಗಿ ನನ್ನ ಕಡೆ ಚಾಚಿತು.

"ಬೇಡ ಅಂದ್ರೆ ಎಷ್ಟು ಗ್ರಾಂ?"